ಓರೆ ಬೆಳಕು ಹಿಡಿಯುವ ಲೈಟಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಳೆ ಕಡಲಿಗೆ ಸೇರುವ ಕಡೆ, ಜನರನ್ನು ಹೊಳೆ ದಾಟಿಸುವ ಲಾಂಚ್ ಬಂದು ನಿಲ್ಲುವ ಜೆಟ್ಟಿಯ ಅಡಿಯಲ್ಲಿ ಒಂದು ಸಣ್ಣ ದೋಣಿ ಓಲಾಡುತ್ತಿದೆ. ದೋಣಿಯಲ್ಲಿ ಮೂವರಿದ್ದಾರೆ. ಹಗ್ಗದ ಸುರುಳಿ ಬಿಚ್ಚುತ್ತ ಕೂತಿರುವವರು ಅಕ್ಕ. ಬೆನ್ನಿಗೆ ಗಾಳಿಯ ಸಿಲಿಂಡರ್ ಬಿಗಿದುಕೊಂಡು, ನೀರು ನುಗ್ಗದ ಡಬ್ಬಿಯೊಳಗೆ ಕ್ಯಾಮೆರಾ ಇಟ್ಟು ಮುಚ್ಚುತ್ತಿರುವವರು ಅಕ್ಕನ ಗಂಡ. ಮೂರನೆಯವರು ಅಕ್ಕನ ತಂಗಿ. ಅವರ ಕೈಯಲ್ಲಿರುವುದು ಕ್ಯಾಮೆರಾ ಅಲ್ಲ, ಅದರಿಂದ ಉದ್ದನೆಯ ವೈರಿನಲ್ಲಿ ಹೊರಬಂದಿರುವ ಫ್ಲ್ಯಾಶ್. ಚೊಂಬಿನ ಗಾತ್ರದ್ದು, ಮುಚ್ಚಳಕ್ಕೆ ರಬ್ಬರ್ ಉಂಗುರ ಇರುವಂಥದ್ದು. ಆ ಮುಚ್ಚಳವನ್ನು ತೆಗೆದು, ಉಂಗುರ ಒರೆಸಿ, ಮುಚ್ಚಿ, ಮತ್ತೆ ತೆಗೆದು ಒರೆಸುತ್ತಿದ್ದಾರೆ.

"ಅದೆಷ್ಟು ಸಲ ಒರೆಸ್ತೀಯೇ? ಆ ರಬ್ಬರಿಗೇ ಬೇಜಾರು ಬಂದಿರುತ್ತೆ," ಎಂದು ಭಾವ ಛೇಡಿಸುತ್ತಾರೆ.

ಬೇರೆ ದಿನವಾಗಿದ್ದರೆ ಅದಕ್ಕೆ ಎರಡರಷ್ಟು ಉತ್ತರ ಬರುತ್ತಿತ್ತು. ಇವತ್ತು ತಂಗಿಯ ಕಣ್ಣು ಜೆಟ್ಟಿಯ ಕಂಬಗಳ ಮೇಲೆಯೇ ಇದೆ, ಅದರಲ್ಲೂ ಕೊನೆಯ ಸಾಲಿನ ಒಂದು ಕಂಬದ ಮೇಲೆ. ಹೋದ ವಾರ ಇದೇ ಕಂಬದ ಫೋಟೋ ತೆಗೆದಿದ್ದರು. ಫೋಟೋ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಬಂದರು ಕಚೇರಿಯಲ್ಲಿ ಎಲ್ಲರೂ ಭೇಷ್ ಅಂದಿದ್ದರು. ಕಂಬ ಗಟ್ಟಿಯಾಗಿದೆ ಎಂದು ವರದಿಯೂ ಹೋಯಿತು. ಆ ಫೋಟೋ ಸುಳ್ಳು ಹೇಳುತ್ತಿದೆ, ಹೇಳಿಸಿದ್ದು ತನ್ನ ಕೈಯಲ್ಲಿದ್ದ ಬೆಳಕು ಎಂಬ ಅನುಮಾನ ಅವತ್ತಿನಿಂದ ಈಕೆಯನ್ನು ಕೂತಲ್ಲಿ ಕೂರಗೊಟ್ಟಿಲ್ಲ.

ಊರಿನಲ್ಲಿ ಇವರಿಗೆ ಲೈಟಕ್ಕ ಎಂದೇ ಹೆಸರು. ಇವರಿಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ. ಸ್ವಂತ ಅಕ್ಕನೂ ಸಿಟ್ಟು ಬಂದಾಗ "ಬನ್ನಿ ಲೈಟಕ್ಕ, ತಮ್ಮ ಸವಾರಿ ಊಟಕ್ಕೆ ಬರಲಿ" ಎನ್ನುತ್ತಾರೆ. ನೀರೊಳಗಿನ ಫೋಟೋ ಅಂದರೆ ಬಣ್ಣಬಣ್ಣದ ಮೀನು ಎಂದುಕೊಂಡವರಿಗೆ ಇವರ ಕೆಲಸ ತೀರಾ ಸಪ್ಪೆ ಅನ್ನಿಸೀತು. ಭಾವ ಮತ್ತು ಇವರು ಸೇರಿ ತೆಗೆಯುವುದು ಸೇತುವೆಯ ಕಾಲು, ಜೆಟ್ಟಿಯ ಕಂಬ, ಲಂಗರು ಹಾಕಿದ ಹಡಗಿನ ತಳ. ನೀರಿನ ಮೇಲಿರುವುದು ಮುರಿದರೆ ಹಾದಿಹೋಕರೂ ಹೇಳುತ್ತಾರೆ. ಕೆಳಗಿರುವುದನ್ನು ಯಾರಾದರೂ ಹೋಗಿ ನೋಡಿ ಬರಬೇಕು.

ಕ್ಯಾಮೆರಾ ಒತ್ತುವುದು ಭಾವ. ಆದರೆ ಹೊಳೆಯ ಕೆಸರು ನೀರಿನಲ್ಲಿ ಫೋಟೋ ಬರುವುದೂ ಬಿಡುವುದೂ ಫ್ಲ್ಯಾಶ್ ಎಲ್ಲಿ ನಿಂತಿದೆ ಎಂಬುದರ ಮೇಲೆ.

"ಕ್ಯಾಮೆರಾ ಮೂತಿ ಪಕ್ಕದಲ್ಲೇ ಫ್ಲ್ಯಾಶ್ ಇಟ್ರೆ ಮುಗೀತು ಕಥೆ," ಎನ್ನುತ್ತಾರೆ ಲೈಟಕ್ಕ. "ನೀರಲ್ಲಿ ತೇಲೋ ಧೂಳೆಲ್ಲ ಬೆಳಗಿ, ಹಿಟ್ಟು ಜರಡಿ ಹಿಡಿದ ಹಾಗೆ ಬರುತ್ತೆ. ಕಂಬ ಎಲ್ಲಿದೆ ಅಂತ ಹುಡುಕ್ಬೇಕು. ಅದಕ್ಕೇ ನಾನು ದೂರ ನಿಲ್ಲೋದು. ಜಗಳ ಆಡಿದವರ ಥರ ಅವರು ಅಲ್ಲಿ, ನಾನು ಇಲ್ಲಿ. ಎಷ್ಟೋ ಸಲ ನಿಜವಾಗ್ಲೂ ಜಗಳ ಆಡಿರ್ತೀವಿ, ಆ ಮಾತು ಬೇರೆ."

ನೀರಿನಲ್ಲಿ ಎಲ್ಲವೂ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಕಂಡ ಕಡೆಗೇ ಬೆಳಕು ತಿರುಗಿಸಿದರೆ ಅದು ವಸ್ತುವಿಗೆ ಮುಟ್ಟದೆ ಮುಂದಿನ ನೀರಿನಲ್ಲೇ ಬಿದ್ದುಹೋಗುತ್ತದೆ. ಕಾಣುವುದಕ್ಕಿಂತ ತುಸು ಆಚೆಗೆ ಗುರಿ ಹಿಡಿಯಬೇಕು. ಬೆಳಕು ಕಂಬದ ಮೈಯನ್ನು ಎದುರಿನಿಂದ ಹೊಡೆಯದೆ ಓರೆಯಾಗಿ ಸವರಿಕೊಂಡು ಹೋಗಬೇಕು. ಆಗ ಸಣ್ಣ ಉಬ್ಬಿಗೂ ನೆರಳು ಬೀಳುತ್ತದೆ, ಸಣ್ಣ ಬಿರುಕೂ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಕೆಳಗೆ ಮಾತಿಲ್ಲ, ವೈರೇ ಮಾತು. ಒಂದು ಸಲ ಜಗ್ಗಿದರೆ ಒತ್ತು ಎಂದರ್ಥ, ಎರಡು ಸಲ ಜಗ್ಗಿದರೆ ಮೇಲೆ ಹೋಗೋಣ ಎಂದರ್ಥ.

ಇದನ್ನೆಲ್ಲ ಕಲಿಯುವ ಮುಂಚೆ ಲೈಟಕ್ಕ ಕಲಿತಿದ್ದು ಇದಕ್ಕೆ ತದ್ವಿರುದ್ಧವಾದ ವಿದ್ಯೆ. ಭಾವನದು ಮೊದಲು ಮದುವೆ ಫೋಟೋಗಳ ಸ್ಟುಡಿಯೋ. ಅಲ್ಲಿಯೂ ಇವರದು ಲೈಟು ಹಿಡಿಯುವ ಕೆಲಸವೇ. ಮದುಮಗಳ ಮುಖಕ್ಕೆ ನೇರವಾಗಿ, ಧಾರಾಳವಾಗಿ ಬೆಳಕು ಬಿಡಬೇಕು. ನೇರ ಬೆಳಕಿಗೆ ನೆರಳಿಲ್ಲ. ನೆರಳಿಲ್ಲದ ಮುಖದಲ್ಲಿ ಮೊಡವೆಯೂ ಇಲ್ಲ, ಕಲೆಯೂ ಇಲ್ಲ. ಮಾವನ ಮುಖದ ಸುಕ್ಕು ಕೂಡ ಮಾಯ. ಎಲ್ಲರೂ ಖುಷಿ. ಅಷ್ಟೊಂದು ಮದುವೆಗಳಲ್ಲಿ ನಿಂತರೂ ಲೈಟಕ್ಕ ಯಾವ ಫೋಟೋದಲ್ಲೂ ಇಲ್ಲ. ಒಂದೇ ಒಂದು ಆಲ್ಬಮ್ಮಿನ ಅಂಚಿನಲ್ಲಿ ಮೊಣಕೈ ಬಿದ್ದಿದೆ. ಅದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಾರೆ.

ಎಲ್ಲರ ಕೈಗೂ ಫೋನ್ ಬಂದ ಮೇಲೆ ಸ್ಟುಡಿಯೋದಲ್ಲಿ ನೊಣ ಹೊಡೆಯುವ ಹಾಗಾಯಿತು. ಭಾವನಿಗೆ ಹರೆಯದಲ್ಲಿ ದೋಣಿಗಳ ತಳದ ಫ್ಯಾನಿಗೆ ಸಿಕ್ಕ ಬಲೆ ಬಿಡಿಸಲು ಮುಳುಗಿದ ಅಭ್ಯಾಸವಿತ್ತು. ಹಡಗಿನವರೊಬ್ಬರು ತಳದ ಫೋಟೋ ಬೇಕೆಂದಾಗ ಒಪ್ಪಿಕೊಂಡರು. ಒಬ್ಬರೇ ಇಳಿದು ತೆಗೆದ ಮೊದಲ ಫೋಟೋಗಳಲ್ಲಿ ಬರೀ ಹಿಟ್ಟು. ಬೆಳಕು ಹಿಡಿಯಲು ಇನ್ನೊಂದು ಕೈ ಬೇಕಾಯಿತು. ಲೈಟಕ್ಕನಿಗೆ ಆಗ ಮೂವತ್ತು ದಾಟಿತ್ತು, ಈಜು ಬರುತ್ತಿರಲಿಲ್ಲ. ಕಿವಿನೋವು, ತಲೆಸುತ್ತು, ಬಾಯಿತುಂಬ ಉಪ್ಪುನೀರು, ಇದೆಲ್ಲ ಆದ ಮೇಲೆ ಕಲಿತರು. ಗಂಡ ಲಾರಿ ಓಡಿಸುತ್ತ ತಿಂಗಳಿಗೊಮ್ಮೆ ಬರುವವರು, ಬೇಡ ಅನ್ನಲಿಲ್ಲ. ಅಂದವರು ಅತ್ತೆ. "ಸೊಸೆ ನೀರಿಗೆ ಕೈ ಹಾಕ್ತಾಳೆ ಅಂದಾಗ ಪಾತ್ರೆ ತೊಳೆಯೋಕೆ ಅಂದ್ಕೊಂಡಿದ್ದೆ," ಎಂದು ಅವರು ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ.

ಇನ್ನು ಹೋದ ವಾರದ ಸಂಗತಿ. ಅವತ್ತು ಹೊಳೆಯ ನೀರು ಎಂದೂ ಇಲ್ಲದಷ್ಟು ತಿಳಿಯಾಗಿತ್ತು. ಕೈಚಾಚಿದರೆ ಬೆರಳು ಕಾಣದ ನೀರಿನಲ್ಲಿ ವರ್ಷಗಟ್ಟಲೆ ಒದ್ದಾಡಿದವರಿಗೆ ಅದೊಂದು ಹಬ್ಬ. ಹಿಟ್ಟಿನ ಭಯವಿಲ್ಲ, ದೂರ ನಿಲ್ಲುವ ಕಷ್ಟವಿಲ್ಲ. ಲೈಟಕ್ಕ ಹುರುಪಿನಲ್ಲಿ ಮುಂದೆ ಬಂದರು, ಭಾವನ ಭುಜದ ಪಕ್ಕದಲ್ಲೇ ನಿಂತು ಕಂಬದ ಮುಖಕ್ಕೆ ನೇರವಾಗಿ, ಧಾರಾಳವಾಗಿ ಬೆಳಕು ಬಿಟ್ಟರು. ಅದಕ್ಕೂ ಮೊದಲು ಕಂಬಕ್ಕೆ ಕಚ್ಚಿಕೊಂಡಿದ್ದ ಚಿಪ್ಪು ಕೆರೆಯುವಾಗ ಕೊನೆಯ ಸಾಲಿನ ಕಂಬದಲ್ಲಿ ಹೆಬ್ಬೆರಳಿಗೆ ಏನೋ ತೊಡರಿತ್ತು. ಒಂದು ಅಂಚು, ಅಷ್ಟೆ. ಇದ್ದರೆ ಫೋಟೋದಲ್ಲಿ ಬರುತ್ತದಲ್ಲ ಎಂದುಕೊಂಡರು. ಫೋಟೋದಲ್ಲಿ ಬಂದಿದ್ದು ನುಣ್ಣನೆಯ ಕಂಬ.

"ಕಂಬಕ್ಕೆ ಮದುಮಗಳ ಅಲಂಕಾರ ಮಾಡಿಬಿಟ್ಟಿದ್ದೆ," ಎನ್ನುತ್ತಾರೆ. "ಹಳೇ ಕೈ ನೋಡಿ. ಚೆಂದ ಕಾಣಿಸೋದು ಅಂದ್ರೆ ತಾನೇ ಮುಂದೆ ಹೋಗುತ್ತೆ."

ಅಂದಿನಿಂದ ಶುರುವಾಯಿತು ಚಡಪಡಿಕೆ. ಜೆಟ್ಟಿಯ ಆ ಕೊನೆಯ ಸಾಲಿನ ಮೇಲೆಯೇ ಜನ ಲಾಂಚ್ ಕಾಯುತ್ತ ನಿಲ್ಲುವುದು. ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೊರಟವರು, ಮೀನಿನ ಬುಟ್ಟಿಗಳು, ಮೋಟಾರ್ ಸೈಕಲ್ಲುಗಳು. ಅತ್ತೆಯೂ ದಿನಾ ಆಚೆ ದಡದಲ್ಲಿರುವ ತಮ್ಮ ತಂಗಿಯ ಮನೆಗೆ ಹರಟೆಗೆ ಹೋಗುವುದು ಅಲ್ಲಿಂದಲೇ. ಈ ವಾರ ಅತ್ತೆ ಚೀಲ ಹಿಡಿದು ಹೊರಟಾಗಲೆಲ್ಲ ಲೈಟಕ್ಕ ಏನಾದರೊಂದು ನೆಪ ತೆಗೆದರು. ಬಿಸಿಲು ಜಾಸ್ತಿ ಅಂದರು, ಕಾಲುನೋವು ಅಲ್ವಾ ಅಂದರು. "ನಾನು ಮನೇಲಿ ಕೂತ್ರೆ ನಿಂಗೇ ಕಷ್ಟ ಕಣಮ್ಮ," ಎಂದು ಅತ್ತೆ ಹೋಗಿಯೇ ಹೋದರು. ಅವರು ಮರಳಿ ಬರುವವರೆಗೆ ಸೊಸೆ ಬಾಗಿಲಿಗೂ ಒಲೆಗೂ ಓಡಾಡಿ ಒಂದು ದಿನ ಅನ್ನ ಸೀದುಹೋಯಿತು, ಇನ್ನೊಂದು ದಿನ ಹಾಲು ಉಕ್ಕಿತು.

ಒಂದು ಸಂಜೆ ಅಕ್ಕನ ಮನೆಗೆ ಹೋದವರು ಅಡುಗೆಮನೆಯ ದೀಪ ಆರಿಸಿ ಗೋಡೆಗೆ ಟಾರ್ಚ್ ಬಿಟ್ಟರು. ಎದುರಿನಿಂದ ಬಿಟ್ಟಾಗ ಗೋಡೆ ಸಪಾಟು. ಟಾರ್ಚನ್ನು ಗೋಡೆಗೇ ಒತ್ತಿ ಪಕ್ಕದಿಂದ ಬಿಟ್ಟಾಗ ಗಾರೆಯವನ ಕರಣೆ ಓಡಾಡಿದ ಗುರುತುಗಳೆಲ್ಲ ಎದ್ದು ಬಂದವು.

"ಏಯ್, ದೀಪ ಹಾಕೇ! ತರಕಾರಿ ಹೆಚ್ತಾ ಇದೀನಿ, ಬೆರಳು ಹೆಚ್ಕೊಂಡ್ರೆ ನೀನು ಬಂದು ಸಾರು ಮಾಡ್ತೀಯಾ?" ಎಂದು ಅಕ್ಕ ಕೂಗಿದರು.

"ಅಕ್ಕ, ಆ ಕಂಬದಲ್ಲಿ ಬಿರುಕಿದೆ."

ಮಾತು ಹೊರಬಿದ್ದ ಮೇಲೆ ತಡೆಯುವುದು ಹೇಗೆ? ಊಟಕ್ಕೆ ಕಾಯುತ್ತ ಕೂತಿದ್ದ ಭಾವನ ಮುಖ ಗಂಟಾಯಿತು. ಅವರ ಭಯವೂ ಸುಳ್ಳಲ್ಲ. ಇಂಥ ಕೆಲಸ ನಿಂತಿರುವುದೇ ನಂಬಿಕೆಯ ಮೇಲೆ. ಇವರು ಕೊಟ್ಟ ಫೋಟೋವನ್ನು ಮೇಲಿನವರು ಕಣ್ಣುಮುಚ್ಚಿ ನಂಬುತ್ತಾರೆ, ಯಾಕೆಂದರೆ ಅವರು ಕೆಳಗೆ ಇಳಿದು ನೋಡುವ ಹಾಗಿಲ್ಲ.

"ವರದಿ ಹೋಗಾಯ್ತು, ಬೆನ್ನು ತಟ್ಟಾಯ್ತು," ಎಂದರು ಭಾವ. "ಈಗ ಹೋಗಿ, ಅದು ತಪ್ಪು ಫೋಟೋ ಅಂದ್ರೆ ಹಿಂದಿನದೆಲ್ಲ ತಪ್ಪಿರಬೇಕು ಅಂತಾರೆ. ನಾಳೆಯಿಂದ ಯಾರೇ ಕರೀತಾರೆ ನಮ್ಮನ್ನ? ಹೆಬ್ಬೆರಳಿಗೆ ಏನೋ ತಗುಲ್ತಂತೆ! ಚಿಪ್ಪಿನ ಚೂರಿರಬಹುದು."

"ಇರಬಹುದು ಭಾವ. ಹಾಗಾದ್ರೆ ಇನ್ನೊಂದ್ಸಲ ನೋಡ್ಕೊಂಡು ಬರೋಣ."

"ಬಿರುಕು ಇಲ್ಲದಿದ್ರೆ?"

"ಇಲ್ಲದಿದ್ರೆ ನೀವು ಸಾಯೋವರೆಗೂ ನನ್ನನ್ನ ಆಡ್ಕೊಳ್ಳಿ."

ಅಕ್ಕ ಚಾಕು ಕೆಳಗಿಟ್ಟು ಗಂಡನ ಕಡೆ ತಿರುಗಿದರು. "ರೀ, ಇವಳು ಹೀಗೇ ಇದ್ರೆ ನನ್ನ ಮನೆ ಗೋಡೆಗಳನ್ನೆಲ್ಲ ತಪಾಸಣೆ ಮಾಡ್ತಾಳೆ. ಕರ್ಕೊಂಡು ಹೋಗಿ ತೋರ್ಸಿ."

ಮರುದಿನ ಬೆಳಿಗ್ಗೆಯೇ ಬಂದರು ಕಚೇರಿಗೆ ಹೋಗಿ ಲೈಟಕ್ಕ ಇಂಜಿನಿಯರ್ ಮೇಡಂ ಮುಂದೆ ನಿಂತರು. ಭಾವ ಹೊರಗೆ ಬೆಂಚಿನ ಮೇಲೆ ಚಪ್ಪಲಿ ನೋಡುತ್ತ ಕೂತರು. ಬೈಗುಳ ತಿನ್ನಲು ತಯಾರಾಗಿ ಹೋಗಿದ್ದ ಲೈಟಕ್ಕನಿಗೆ ಅಲ್ಲಿ ಸಿಕ್ಕಿದ್ದು ಒಂದು ಕುರ್ಚಿ. ಮೇಡಂ ಆ ಫೋಟೋವನ್ನು ಮತ್ತೆ ತೆರೆದು ಬಹಳ ಹೊತ್ತು ನೋಡಿದರು.

"ಇಷ್ಟು ಹಳೇ ಕಂಬ ಇಷ್ಟು ನುಣ್ಣಗೆ ಹೇಗಿರುತ್ತೆ ಅಂತ ನಾನೂ ಕೇಳ್ಬೇಕಿತ್ತು. ಫೋಟೋ ಚೆನ್ನಾಗಿದೆ ಅಂತ ಖುಷಿಪಟ್ಟು ಸುಮ್ಮನಾದೆ," ಎಂದರು. ಆಮೇಲೆ ಒಂದು ಪ್ರಶ್ನೆ ಹಾಕಿದರು. "ನಿಮ್ಮ ಬೆರಳಿಗೆ ಸಿಕ್ಕಿದ ಗೆರೆ ನಿಂತಿತ್ತಾ, ಮಲಗಿತ್ತಾ?"

ಲೈಟಕ್ಕನಿಗೆ ಗೊತ್ತಿರಲಿಲ್ಲ. ಮೇಲಿನಿಂದ ಕೆಳಕ್ಕೆ ನಿಂತ ಗೆರೆಯಾದರೆ ಅಷ್ಟು ಆತುರವಿಲ್ಲ, ಅಡ್ಡಕ್ಕೆ ಮಲಗಿದ ಗೆರೆ ಕಂಬವನ್ನು ಸುತ್ತಿಕೊಂಡಿದ್ದರೆ ಅದು ಬೇರೆಯೇ ಲೆಕ್ಕ, ಕಂಬ ಅಲ್ಲಿಗೇ ತುಂಡಾದೀತು ಎಂದು ಮೇಡಂ ವಿವರಿಸಿದರು. ಮಾರನೆಯ ಬೆಳಿಗ್ಗೆ ಮೊದಲ ಲಾಂಚ್ ಬರುವ ಮುಂಚೆ ಇಳಿದು ನೋಡಲು ಒಪ್ಪಿಗೆ ಕೊಟ್ಟರು. ಅಲ್ಲಿಯತನಕ ಕೊನೆಯ ಸಾಲಿನ ಕಡೆ ಯಾರೂ ನಿಲ್ಲದ ಹಾಗೆ ಒಂದು ಹಗ್ಗವನ್ನೂ ಕಟ್ಟಿಸಿದರು. ಹಗ್ಗ ಕಂಡ ಜನ ಅದನ್ನು ದಾಟಿಕೊಂಡು ಹೋಗಿ ಎಂದಿನ ಜಾಗದಲ್ಲೇ ನಿಂತರು.

ಈಗ ದೋಣಿ ಓಲಾಡುತ್ತಿರುವುದು ಆ ಮಾರನೆಯ ಬೆಳಿಗ್ಗೆಯೇ. ಉಬ್ಬರ ಮುಗಿದು ಇಳಿತ ಶುರುವಾಗುವ ನಡುವೆ ನೀರು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತದೆ. ಅಷ್ಟರೊಳಗೆ ಕೆಲಸ ಮುಗಿಯಬೇಕು. ಲಾಂಚ್ ಬಂದರೆ ಅದರ ಫ್ಯಾನು ತಳದ ಕೆಸರನ್ನೆಲ್ಲ ಎಬ್ಬಿಸುತ್ತದೆ. ಅಕ್ಕ ಹಗ್ಗ ಬಿಡುತ್ತಾರೆ. ಇಬ್ಬರೂ ಮುಳುಗುತ್ತಾರೆ.

ಇವತ್ತು ನೀರು ತಿಳಿಯಾಗಿಲ್ಲ, ಎಂದಿನ ಹಾಗೆ ಟೀ ಬಣ್ಣ. ಲೈಟಕ್ಕ ಕಂಬದ ಬಲಕ್ಕೆ ವೈರ್ ಬಿಗಿಯುವಷ್ಟು ದೂರ ಸರಿದು ಬೆಳಕನ್ನು ಕಂಬದ ಮೈಗೆ ಓರೆಯಾಗಿ ಹಿಡಿಯುತ್ತಾರೆ. ವೈರ್ ಒಮ್ಮೆ ಜಗ್ಗುತ್ತಾರೆ. ಫ್ಲ್ಯಾಶ್ ಮಿಂಚುತ್ತದೆ. ಚಿಪ್ಪಿನ ಕಲೆಗಳು, ಕಾಂಕ್ರೀಟ್ ಎರೆದಾಗಿನ ಹಲಗೆಯ ಗುರುತು, ಮತ್ತೇನೂ ಇಲ್ಲ. ತುಸು ಮೇಲೆ, ತುಸು ಕೆಳಗೆ, ಮತ್ತೆ ಮಿಂಚು. ಏನೂ ಇಲ್ಲ. ಎಡಕ್ಕೆ ಬಂದು ಹಿಡಿದರೂ ಇಲ್ಲ. ಭಾವ ವೈರನ್ನು ಎರಡು ಸಲ ಜಗ್ಗುತ್ತಾರೆ. ಮೇಲೆ ಹೋಗೋಣ.

ಲೈಟಕ್ಕ ಕಂಬ ಬಿಟ್ಟು ಕದಲುವುದಿಲ್ಲ. ಸುಮ್ಮನೆ ಎಲ್ಲರಿಗೂ ತೊಂದರೆ ಕೊಟ್ಟೆನೇ? ಕೈಗವಸು ತೆಗೆದು ಕಂಬವನ್ನು ಬರಿಗೈಯಲ್ಲಿ ಸವರುತ್ತಾರೆ. ಬೆರಳಿಗೆ ಮೊದಲು ಪಾಚಿ ಸಿಗುತ್ತದೆ, ಆಮೇಲೆ ಒರಟು, ಆಮೇಲೆ ಅದೇ ಅಂಚು. ಇದ್ದಕ್ಕಿದ್ದ ಹಾಗೆ ಮೇಡಂ ಕೇಳಿದ ಪ್ರಶ್ನೆ ನೆನಪಾಗುತ್ತದೆ. ಬೆರಳನ್ನು ಮೇಲಕ್ಕೆ ಒಯ್ದರೆ ಅಂಚು ತಪ್ಪಿಹೋಗುತ್ತದೆ, ಪಕ್ಕಕ್ಕೆ ಒಯ್ದರೆ ಜೊತೆಗೇ ಬರುತ್ತದೆ. ಗೆರೆ ಮಲಗಿದೆ. ಮಲಗಿದ ಗೆರೆಗೆ ಪಕ್ಕದ ಬೆಳಕು ಉದ್ದಕ್ಕೆ ಹರಿದುಹೋಗುತ್ತದೆ, ನೆರಳು ಬೀಳುವುದೇ ಇಲ್ಲ. ಬೆಳಕು ಮೇಲಿನಿಂದ ಬರಬೇಕು, ಇಲ್ಲವೇ ಕೆಳಗಿನಿಂದ. ಮೇಲೆ ಅಡ್ಡತೊಲೆ ಇದೆ, ಕೈ ತೂರುವುದಿಲ್ಲ. ಉಳಿದದ್ದು ಕೆಳಗಿನ ಕೆಸರು.

ಭಾವನ ಕೈಗೆ ಕೈ ಒತ್ತಿ ತಡೆದು, ಲೈಟಕ್ಕ ಕಾಲು ಆಡಿಸದೆ ಮೆಲ್ಲಗೆ ಇಳಿಯುತ್ತಾರೆ. ಕಂಬದ ಬುಡದಲ್ಲಿ ಬೆನ್ನು ಕೆಳಗಾಗಿ ಮಲಗುತ್ತಾರೆ. ಎಷ್ಟು ಮೆಲ್ಲಗೆ ಇಳಿದರೂ ಕೆಸರು ಏಳುತ್ತದೆ, ಕಣ್ಣೆದುರು ಎಲ್ಲವೂ ಕಂದು. ಈಗ ಕಾಯಬೇಕು. ಒಂದು ಬೆರಳು ಅಲುಗಿದರೂ ಮತ್ತೆ ಏಳುತ್ತದೆ. ವಾರದಿಂದ ಒಂದು ಗಳಿಗೆ ಕೂತಲ್ಲಿ ಕೂರದ ಹೆಂಗಸು ಹೊಳೆಯ ತಳದಲ್ಲಿ ಸತ್ತ ಮರದ ಹಾಗೆ ಮಲಗಿದ್ದಾರೆ. ಮೂಗು ತುರಿಸುತ್ತದೆ. ಯಾವುದೋ ಏಡಿ ಕುತ್ತಿಗೆಯ ಹತ್ತಿರ ಓಡಾಡುತ್ತದೆ. ದೂರದಲ್ಲಿ ಇಂಜಿನ್ನಿನ ಗುಡುಗುಡು ಕೇಳತೊಡಗಿದೆ, ಆಚೆ ದಡದಿಂದ ಲಾಂಚ್ ಹೊರಟಿದೆ. ಎದ್ದು ಓಡಬೇಕೆನ್ನಿಸುತ್ತದೆ. ಏಳುವುದಿಲ್ಲ.

ಕೆಸರು ನಿಧಾನವಾಗಿ ಕೂರುತ್ತದೆ. ಕಂಬದ ಆಕಾರ ಮೂಡುತ್ತದೆ. ಲೈಟಕ್ಕ ಫ್ಲ್ಯಾಶನ್ನು ಕಂಬಕ್ಕೆ ತಾಗುವಷ್ಟು ಹತ್ತಿರ ತಂದು, ಮೇಲ್ಮುಖವಾಗಿ ಹಿಡಿದು, ವೈರ್ ಜಗ್ಗುತ್ತಾರೆ.

ಮಿಂಚಿನ ಬೆಳಕು ಕಣ್ಣು ಪಿಳುಕಿಸುವಷ್ಟು ಹೊತ್ತೂ ಇರುವುದಿಲ್ಲ. ಅಷ್ಟರಲ್ಲೇ ಕಂಡಿತು. ಕಂಬದ ಸೊಂಟಕ್ಕೆ ಕರಿದಾರ ಸುತ್ತಿದಂಥ ಗೆರೆ, ಕಣ್ಣಿಗೆ ಸಿಕ್ಕಷ್ಟು ದೂರವೂ ಹೋಗಿದೆ. ಮತ್ತೆ ಮಿಂಚು. ಮತ್ತೆ ಗೆರೆ, ಅದರ ಕೆಳಗೆ ಒಳಗಿನ ಕಬ್ಬಿಣದ ತುಕ್ಕು ಸೋರಿದ ಕಲೆ. ಕ್ಯಾಮೆರಾದ ಪರದೆ ನೋಡಿದ ಭಾವ ಕೆಳಗೆ ಕೈ ಚಾಚಿ ನಾದಿನಿಯ ಮಣಿಕಟ್ಟು ಹಿಡಿದುಕೊಳ್ಳುತ್ತಾರೆ, ಬಿಡುವುದೇ ಇಲ್ಲ. ಲೈಟಕ್ಕನಿಗೆ ಗೆದ್ದೆ ಎನ್ನಿಸುವುದಿಲ್ಲ. ಹೆದರಿಕೆಯಾಗುತ್ತದೆ. ಇಷ್ಟು ದಿನ ಇದರ ಮೇಲೆ ಜನ ನಿಂತಿದ್ದರಲ್ಲ, ಇವತ್ತೂ ನಿಲ್ಲಲು ಬರುತ್ತಿದ್ದಾರಲ್ಲ.

ಮೇಲೆ ಬಂದಾಗ ಜೆಟ್ಟಿಯ ಮೇಲೆ ಆಗಲೇ ಜನ. ಮೇಡಂ ಅಲ್ಲೇ ಕಾಯುತ್ತಿದ್ದರು. ನೀರು ತೊಟ್ಟಿಕ್ಕುವ ಕ್ಯಾಮೆರಾದ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ನೇರವಾಗಿ ಲಾಂಚಿನ ಕಡೆ ಹೋಗಿ, ಇಲ್ಲಿ ನಿಲ್ಲಿಸಬೇಡಿ ಎಂದು ಎರಡೂ ಕೈ ಎತ್ತಿ ಬೀಸಿದರು.

ಜೆಟ್ಟಿ ಮುಚ್ಚಿ ಈಗ ಕೆಲವು ದಿನಗಳಾಗಿವೆ. ರಿಪೇರಿ ಮುಗಿಯುವವರೆಗೆ ಲಾಂಚ್ ನಿಲ್ಲುವುದು ಹೊಳೆಯ ಮೇಲ್ಗಡೆಯ ಹಳೆಯ ಕಟ್ಟೆಯಲ್ಲಿ. ಅಲ್ಲಿಗೆ ಹೋಗಬೇಕಾದರೆ ಉಗ್ರಾಣಗಳನ್ನೆಲ್ಲ ಬಳಸಿಕೊಂಡು, ಕಲ್ಲುದಾರಿಯಲ್ಲಿ ಕಾಲೆಳೆದುಕೊಂಡು ನಡೆಯಬೇಕು. ಊರಿಗೆ ಊರೇ ಹಿಡಿಶಾಪ ಹಾಕುತ್ತಿದೆ. ಯಾರಿಗೆ ಹಾಕಬೇಕೆಂಬುದೂ ಊರಿಗೆ ಗೊತ್ತು. ಅಂಗಡಿಗೆ ಹೋದರೆ, "ಬಂದ್ರು ನೋಡಿ, ಜೆಟ್ಟಿ ಮುಚ್ಚಿಸಿದವರು" ಎನ್ನುತ್ತಾರೆ. ಕಂಬ ಇನ್ನೂ ಹತ್ತು ವರ್ಷ ನಿಲ್ಲುತ್ತಿತ್ತು ಎಂದು ಜಗಲಿಯ ಮೇಲೆ ಕೂತವರು ತೀರ್ಪು ಕೊಟ್ಟಾಗಿದೆ. ಎಲ್ಲರಿಗಿಂತ ಜೋರಾಗಿ ಬೈಯುತ್ತಿರುವವರು ಅತ್ತೆ. ತಂಗಿಯ ಮನೆಗೆ ಹೋಗಿಬಂದು ಕಾಲು ನೀವಿಕೊಳ್ಳುತ್ತ, "ಹೆಬ್ಬೆರಳು ಸುಮ್ನೆ ಇಟ್ಕೊಳ್ಳೋಕೆ ಆಗ್ತಿರ್ಲಿಲ್ವಾ ನಿಂಗೆ?" ಎಂದು ದಿನಾ ಕೇಳುತ್ತಾರೆ.

ಆ ಕಂಬ ನಿಜವಾಗಿಯೂ ಬೀಳುತ್ತಿತ್ತೇ ಎಂದು ಕೇಳಿದರೆ ಲೈಟಕ್ಕ ಕೈಯಲ್ಲಿದ್ದ ವೈರನ್ನು ಸುತ್ತುವುದು ನಿಲ್ಲಿಸುವುದಿಲ್ಲ. "ಅದು ನಂಗೇನು ಗೊತ್ತು? ಮೇಡಂಗೂ ಹೇಳೋಕಾಗಲ್ಲ. ನಾನು ಲೈಟು ಹಿಡಿಯೋಳು. ಇದ್ದದ್ದು ಕಾಣಿಸ್ಬೇಕು, ಅಷ್ಟೇ ನನ್ನ ಕೆಲಸ. ಒಂದ್ಸಲ ಕಾಣಿಸ್ಲಿಲ್ಲ, ಅದಕ್ಕೇ ಈಗಲೂ ನಿದ್ದೆ ಅರ್ಧಂಬರ್ಧ." ಹಳೆಯ ಫೋಟೋಗಳನ್ನೆಲ್ಲ ತೆಗೆದು ನೋಡಲು ಶುರುಮಾಡಿದ್ದಾರೆ, ಮಲಗಿದ ಗೆರೆ ಬೇರೆ ಎಲ್ಲಾದರೂ ತಪ್ಪಿಹೋಗಿದೆಯೇ ಎಂದು. ಭಾವ ಗೊಣಗುವುದಿಲ್ಲ, ಪಕ್ಕದಲ್ಲಿ ಕೂತು ಅವರೂ ನೋಡುತ್ತಾರೆ. ಮುಂದಿನ ವಾರ ಸೇತುವೆಯ ಎರಡು ಕಾಲುಗಳಿಗೆ ಮತ್ತೆ ಇಳಿಯುವುದಿದೆ.

ಊರಿನವರ ಬೈಗುಳದಿಂದ ಬೇಸರವಾಗುವುದಿಲ್ಲವೇ? ಲೈಟಕ್ಕ ಕಿಟಕಿಯಾಚೆ ನೋಡುತ್ತಾರೆ. ಕಲ್ಲುದಾರಿಯಲ್ಲಿ ಜನ ಸಾಲಾಗಿ ಹಳೆಯ ಕಟ್ಟೆಯ ಕಡೆ ಹೊರಟಿದ್ದಾರೆ. ಚೀಲ ಹಿಡಿದ ಅತ್ತೆ ಆ ಸಾಲಿನ ಮಧ್ಯದಲ್ಲಿ ನಿಂತು ಯಾರಿಗೋ ಕೈ ಆಡಿಸಿ ದೂರು ಹೇಳುತ್ತಿದ್ದಾರೆ.

"ಬೈಯಲಿ ಬಿಡಿ," ಎನ್ನುತ್ತಾರೆ ಲೈಟಕ್ಕ. "ಬೈಯೋಕೆ ಅಷ್ಟೂ ಜನ ಇದ್ದಾರಲ್ಲ."